ಕೊನೆಯ ಲಾಂಚ್ ಇಲ್ಲದ ದೀಪಾವಳಿ

ಶನಿವಾರ, ಅಕ್ಟೋಬರ್ 18, 2025

ಬೆಂಗಳೂರಿನ ರೈಲು ನಿಲ್ದಾಣದವರೆಗೂ ಹೆಂಡತಿ ಬಂದಿದ್ದಳು. ಹಬ್ಬಕ್ಕೆ ಊರಿಗೆ ಬರಲು ಆಗದವಳು ನಮ್ಮನ್ನು ಕಳುಹಿಸಲಾದರೂ ಬರುತ್ತೇನೆ ಎಂದು ಹಟ ಹಿಡಿದಿದ್ದಳು. ಅವಳು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಯುಗಾದಿಗೆ ರಜೆ ಪಡೆದಿದ್ದರಿಂದ ದೀಪಾವಳಿಯ ರಜೆ ಈ ಸಲ ಬೇರೆಯವರ ಸರದಿ. ಸೋಮವಾರದಿಂದ ಬುಧವಾರದವರೆಗೆ ಮೂರು ರಾತ್ರಿ ಪಾಳಿ ಅವಳದು. ಮಗಳು ಕಿಟಕಿಯ ಸರಳುಗಳ ನಡುವಿನಿಂದ ಕೈ ಹೊರಗೆ ಹಾಕಿ ಅಮ್ಮನ ಬೆರಳು ಹಿಡಿದೇ ಕುಳಿತಿದ್ದಳು. ತಾಳಗುಪ್ಪದ ರೈಲು ಹೊರಟ ಮೇಲೆ ಬಹಳ ಹೊತ್ತು ಮಾತನಾಡಲಿಲ್ಲ.

ಈ ವರ್ಷದ ರಜೆಗಳ ಹೊಂದಿಕೆಯೇ ತುಸು ತೊಡಕಿನದು. ಸೋಮವಾರ ನರಕ ಚತುರ್ದಶಿಗೆ ರಜೆ, ಬುಧವಾರ ಬಲಿಪಾಡ್ಯಮಿಗೆ ರಜೆ, ನಡುವಿನ ಮಂಗಳವಾರ ಕೆಲಸದ ದಿನ. ನಮ್ಮದು ಹೊರದೇಶದ ಗ್ರಾಹಕರಿಗೆ ತಂತ್ರಾಂಶ ಮಾಡಿಕೊಡುವ ತಂಡ. ಅವರ ಕ್ಯಾಲೆಂಡರಿನಲ್ಲಿ ನಮ್ಮ ಅಮಾವಾಸ್ಯೆಯೂ ಇಲ್ಲ, ಪಾಡ್ಯವೂ ಇಲ್ಲ. ಮಂಗಳವಾರ ಊರಿನಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಿಕೊಂಡೆ. ಬುಧವಾರ ರಾತ್ರಿಯ ಕರೆಯೊಂದು ಬಾಕಿ ಉಳಿದಿತ್ತು. ಅದನ್ನು ನೋಡಿಕೊಳ್ಳುತ್ತೇನೆ ಎಂದು ಮುಂದೆ ಬಂದವಳು ತ್ರಿಶೂರಿನ ಕಡೆಯ ಸಹೋದ್ಯೋಗಿ. ಕಳೆದ ತಿಂಗಳು ತಿರುವೋಣದ ದಿನ ಅವಳ ಕೆಲಸವನ್ನು ನಾನು ಮಾಡಿದ್ದೆ. "ನಿಮ್ಮ ಮನೆಗೂ ಬರುವವನು ಅದೇ ಬಲಿ ಚಕ್ರವರ್ತಿಯಲ್ಲವೇ, ಹೋಗಿ ಬನ್ನಿ" ಎಂದಳು. ಹೌದು, ಅವನೇ. ಅವಳ ಮನೆಗೆ ಸಿಂಹ ಮಾಸದಲ್ಲಿ ಬರುವವನು ನಮ್ಮ ಮನೆಗೆ ಆಶ್ವಯುಜ ಕಳೆಯುವ ಹೊತ್ತಿಗೆ ಬರುತ್ತಾನೆ. ಆ ಮಾತಿನಿಂದ ಮನಸ್ಸು ಬಹಳ ಹಗುರವಾಯಿತು.

ಭಾನುವಾರ, ಅಕ್ಟೋಬರ್ 19

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದಾಗ ಬೆಳಕು ಹರಿಯುತ್ತಿತ್ತು. ಪೇಟೆಯಲ್ಲಿ ಆಗಲೇ ಚೆಂಡುಹೂವಿನ ರಾಶಿ, ಮಣ್ಣಿನ ಹಣತೆ, ದನಗಳ ಕೊರಳಿಗೆ ಹೊಸ ಹಗ್ಗ, ಗಂಟೆ. ಅಮ್ಮ ಹೇಳಿದ್ದ ಎರಡು ಸೇರು ಕಡಲೆಬೇಳೆ, ಬೆಲ್ಲ, ಅಪ್ಪಯ್ಯನ ಬೆನ್ನುನೋವಿನ ಮುಲಾಮು ತೆಗೆದುಕೊಂಡು ಬಸ್ಸು ಹತ್ತಿದೆವು.

ನಮ್ಮ ಊರಿರುವುದು ಶರಾವತಿಯ ಹಿನ್ನೀರಿನ ಆಚೆ, ಕರೂರು ಹೋಬಳಿಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಸಾಗರಕ್ಕೂ ನಮಗೂ ನಡುವೆ ದಾರಿ ಇಲ್ಲವಾಯಿತು. ಅಂಬಾರಗೋಡ್ಲಿನ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಕಳಸವಳ್ಳಿಯಲ್ಲಿ ಇಳಿಯಬೇಕು. ಇಲ್ಲವೇ ಹೊಸನಗರ, ನಗರ, ನಿಟ್ಟೂರಿನ ಕಡೆಯಿಂದ ಕಾಡು ಸುತ್ತಿಕೊಂಡು ಬರಬೇಕು. ಸಿಗಂದೂರಿಗೆ ಬರುವ ಭಕ್ತರಿಗೆ ಲಾಂಚ್ ಪ್ರಯಾಣ ಒಂದು ಸಂತೋಷ. ನಮಗೆ ಅದು ಗಡಿಯಾರವಾಗಿತ್ತು. ಹೆರಿಗೆ ನೋವು, ಹಾವಿನ ಕಡಿತ, ಪರೀಕ್ಷೆ, ಮದುವೆ ದಿಬ್ಬಣ ಎಲ್ಲವೂ ಲಾಂಚಿನ ಹೊತ್ತಿಗೆ ತಲೆಬಾಗಬೇಕಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆ ದಿನ ಮುಗಿಯಿತು. ಮಳೆ ಕೈಕೊಟ್ಟು ನೀರು ಇಳಿದ ವರ್ಷಗಳಲ್ಲಿ ವಾಹನಗಳನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ.

ಈ ವರ್ಷ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಆ ದಿನ ನಾನು ಕಚೇರಿಯಲ್ಲಿದ್ದೆ. ಭಾವ ಕಳುಹಿಸಿದ ವಿಡಿಯೋವನ್ನು ಊಟದ ಕೋಣೆಯಲ್ಲಿ ನಿಂತು ನೋಡಿ ಕಣ್ಣೊರೆಸಿಕೊಂಡೆ. ಅದರ ಮೇಲೆ ನಾನು ಹೋಗುತ್ತಿರುವುದು ಇದೇ ಮೊದಲು. ಆವಿನಹಳ್ಳಿ ದಾಟಿದ ಮೇಲೆ ಎದೆ ಹೊಡೆದುಕೊಳ್ಳತೊಡಗಿತು. ಬಸ್ಸು ಹೊಳೆಬಾಗಿಲಿನ ಕಟ್ಟೆಗೆ ಇಳಿಯಲಿಲ್ಲ, ನೇರ ಸೇತುವೆಗೆ ಏರಿತು. ಎರಡೂ ಕಡೆ ತುಂಬಿದ ನೀರು, ದೂರದಲ್ಲಿ ಮಂಜು ಸುತ್ತಿಕೊಂಡ ನಡುಗಡ್ಡೆಗಳು. ಮಗಳು ಒಂದು, ಎರಡು ಎಂದು ಎಣಿಸುತ್ತಿದ್ದಳು. ಇನ್ನೂರು ತಲುಪುವ ಮೊದಲೇ ಆಚೆ ದಡ ಬಂತು. ಎರಡೂವರೆ ಕಿಲೋಮೀಟರಿಗೂ ತುಸು ಕಡಿಮೆ. ನಾನು ಅದನ್ನು ಅರವತ್ತು ವರ್ಷ ಎಂದು ಓದಿಕೊಂಡೆ.

ಮನೆಯಂಗಳದಲ್ಲಿ ಅಪ್ಪಯ್ಯ ಕೆಮ್ಮಣ್ಣು ಕಲಸುತ್ತಿದ್ದರು. ನಮ್ಮನ್ನು ನೋಡಿದವರು ಮೊದಲು ಕೇಳಿದ್ದು, "ಅರೆ, ಇಷ್ಟು ಬೇಗ?" ಅಮ್ಮ ಕೇಳಿದ್ದು ಸೊಸೆಯನ್ನು. ರಜೆ ಸಿಗಲಿಲ್ಲವೆಂದು ಫೋನಿನಲ್ಲಿ ನಾಲ್ಕು ಸಲ ಹೇಳಿದ್ದರೂ ನಮ್ಮ ಹಿಂದೆ ಇನ್ನೊಬ್ಬರು ಬರುತ್ತಿರಬಹುದೇ ಎಂದು ಬೇಲಿಬಾಗಿಲ ದಣಪೆಯವರೆಗೆ ಕಣ್ಣು ಹಾಯಿಸಿದಳು.

ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಕೆಂಪಗೆ ಹೊಳೆಯುವಂತೆ ಮಾಡಿದ್ದರು. ಅದರ ಕುತ್ತಿಗೆಗೆ ಹಿಂಡಲಕಾಯಿಯ ಬಳ್ಳಿ. ಮೈಮೇಲೆ ಕೆಮ್ಮಣ್ಣು, ಸುಣ್ಣದ ಪಟ್ಟಿ. ಬಾವಿಕಟ್ಟೆಗೆ ದೀಪವಿಟ್ಟು, ಅರಿಶಿನ ಕುಂಕುಮ ಹಚ್ಚಿ, ಗಂಗೆಗೆ ಪೂಜೆ ಮಾಡಿ ಮೊದಲ ಕೊಡ ಸೇದಿದೆವು. ಆ ಮೊದಲ ಕೊಡದ ನೀರನ್ನು ಹಗ್ಗ ಹಿಡಿದು ಎಳೆದವಳು ಮಗಳು. ಅವಳ ಕೈಗಳ ಮೇಲೆ ಅಪ್ಪಯ್ಯನ ಕೈಗಳಿದ್ದವು. ಬೆಂಗಳೂರಿನಲ್ಲಿ ನೀರೆಂದರೆ ಟ್ಯಾಂಕರ್ ಬಂತೇ ಇಲ್ಲವೇ ಎಂದು ಕೇಳುವುದಷ್ಟೇ ಗೊತ್ತಿದ್ದ ಮಗು, ನೀರಿಗೂ ಹಬ್ಬವಿದೆಯೇ ಎಂದು ಆಶ್ಚರ್ಯಪಟ್ಟಿತು. ಇದೇ ನೀರು ನಾಳೆ ಬೆಳಗಿನ ಅಭ್ಯಂಗಕ್ಕೆ, ಇದೇ ನೀರು ಬಲೀಂದ್ರನ ಕಲಶಕ್ಕೆ.

ನನಗೆ ಈ ಸಂಜೆಯೆಂದರೆ 2013ರ ನೆನಪು. ಆಗ ಕೆಲಸಕ್ಕೆ ಸೇರಿ ಎರಡು ವರ್ಷ. ರಾತ್ರಿಯೇ ಹೊರಡಬೇಕಿದ್ದವನು ಕಚೇರಿಯಲ್ಲಿ ಸಿಕ್ಕಿಕೊಂಡು ಬೆಂಗಳೂರು ಬಿಟ್ಟಾಗ ಬೆಳಗಿನ ಹತ್ತು ಗಂಟೆ. ಹೊಳೆಬಾಗಿಲಿಗೆ ಬಂದು ಮುಟ್ಟಿದಾಗ ಏಳು. ಕೊನೆಯ ಲಾಂಚ್ ಹೋಗಿ ಬಹಳ ಹೊತ್ತಾಗಿತ್ತು. ಮೊಬೈಲಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಚತುರ್ದಶಿಯ ಕತ್ತಲು, ಮುಂದೆ ಕಪ್ಪು ನೀರು. ಆಚೆ ದಡದಲ್ಲಿ ಒಂದು ಬೆಂಕಿ ಎದ್ದಿತು. ಯಾರೋ ಸೂಡಿ ಹೊತ್ತಿಸಿ ಬೀಸುತ್ತಿದ್ದರು. ಯಾರೋ ಏನು, ಅದು ಅಪ್ಪಯ್ಯನೇ ಎಂದು ಬೀಸುವ ರೀತಿಯಲ್ಲೇ ಗೊತ್ತಾಯಿತು, ಅಥವಾ ಗೊತ್ತಾಯಿತೆಂದು ನಂಬಿದೆ. ನಾನು ಮೊಬೈಲಿನ ಬೆಳಕನ್ನು ಮೇಲಕ್ಕೆತ್ತಿ ಹಿಡಿದೆ. ಆಚೆಯ ಬೆಂಕಿ ಸಣ್ಣದಾಗಿ ಆರಿತು. ರಾತ್ರಿಯಿಡೀ ಚಹಾ ಅಂಗಡಿಯ ಬೆಂಚಿನ ಮೇಲೆ ಮಲಗಿದ್ದೆ. ಬೆಳಿಗ್ಗೆ ಮನೆ ಸೇರಿದಾಗ ಎಲ್ಲರ ಸ್ನಾನ ಮುಗಿದಿತ್ತು. ಅಜ್ಜಿ ಮಾತ್ರ ಎಣ್ಣೆ ಬಟ್ಟಲು ಹಿಡಿದು ಜಗುಲಿಯಲ್ಲಿ ಕಾಯುತ್ತಿದ್ದಳು. ಆ ರಾತ್ರಿಯ ಬಗ್ಗೆ ಅಪ್ಪಯ್ಯನೂ ನಾನೂ ಎಂದೂ ಮಾತನಾಡಿರಲಿಲ್ಲ.

ಸೋಮವಾರ, ಅಕ್ಟೋಬರ್ 20

ನಾಲ್ಕೂವರೆಗೆ ಅಮ್ಮ ಎಬ್ಬಿಸಿದಳು. ಮಣೆಯ ಮೇಲೆ ಕೂರಿಸಿ, ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ನೆತ್ತಿಗೆ, ಭುಜಕ್ಕೆ, ಮಂಡಿಗೆ, ಪಾದಕ್ಕೆ ಮುಟ್ಟಿಸುವ ಎಣ್ಣೆಶಾಸ್ತ್ರ. ಅಜ್ಜಿ ಹೋದ ಮೇಲೆ ಆ ಬಟ್ಟಲು ಅಮ್ಮನ ಕೈಗೆ ಬಂದಿದೆ. ನಲವತ್ತು ಹತ್ತಿರವಾದ ನನ್ನ ನೆತ್ತಿಗೂ ಒಂಬತ್ತರ ಮೊಮ್ಮಗಳ ನೆತ್ತಿಗೂ ಒಂದೇ ಹರಕೆ, ಒಂದೇ ತಟ್ಟು. ಒಲೆಯ ಮುಂದೆ ಹೊಗೆ, ಹಂಡೆಯಲ್ಲಿ ಕುದಿಯುವ ನೀರು, ಹೊರಗೆ ಮಂಜು. ಮಗಳು ಬಟ್ಟಲನ್ನೇ ನೋಡುತ್ತಾ, "ಅಜ್ಜಿ, ಅಮ್ಮನಿಗೆ ಯಾರು ಹಚ್ಚುತ್ತಾರೆ?" ಎಂದು ಕೇಳಿದಳು. ಅಮ್ಮನ ಕೈ ಒಂದು ಗಳಿಗೆ ನಿಂತಿತು.

ಬೆಳಿಗ್ಗೆ ನೋಡಿದರೆ ಬೇಲಿಯ ಮೇಲಿದ್ದ ಎರಡು ಮೊಗೆಕಾಯಿ ಇಲ್ಲ. ರಾತ್ರಿ ಬೂರೆ ಹಾಯಲು ಹುಡುಗರು ಬಂದಿದ್ದರಂತೆ. ವರ್ಷದಲ್ಲಿ ಈ ಒಂದು ರಾತ್ರಿಯ ಕಳ್ಳತನಕ್ಕೆ ನಮ್ಮಲ್ಲಿ ಬೈಗುಳವಿಲ್ಲ. ಊರಿನಲ್ಲಿ ಬೂರೆ ಹಾಯುವಷ್ಟು ಹುಡುಗರು ಇನ್ನೂ ಉಳಿದಿದ್ದಾರೆಂದು ಅಮ್ಮನಿಗೆ ಸಂತೋಷವೇ ಆಗಿತ್ತು.

ಬಲೀಂದ್ರನನ್ನು ಕೂರಿಸುವುದು ಅಪ್ಪಯ್ಯನ ಕೆಲಸ. ಬಾಳೆಲೆಯ ಮೇಲೆ ಅಕ್ಕಿ, ಅದರ ಮೇಲೆ ರಾತ್ರಿಯ ನೀರು ತುಂಬಿದ ಕಲಶ, ತೆಂಗಿನಕಾಯಿ, ಸಿಂಗಾರ, ಪಕ್ಕದಲ್ಲಿ ಅಡಿಕೆ ಕೊನೆ, ಮೊಗೆಕಾಯಿ. ಪಾತಾಳಕ್ಕೆ ತಳ್ಳಿಸಿಕೊಂಡ ದೊರೆ ತನ್ನ ನೆಲವನ್ನು ನೋಡಲು ವರ್ಷಕ್ಕೊಮ್ಮೆ ಮೂರು ದಿನದ ಮಟ್ಟಿಗೆ ಬರುತ್ತಾನೆ. ಚಿಕ್ಕಂದಿನಲ್ಲಿ ಈ ಕಥೆಯಲ್ಲಿ ನನಗೆ ವಾಮನನ ಮೂರು ಹೆಜ್ಜೆಗಳೇ ದೊಡ್ಡದಾಗಿ ಕಾಣುತ್ತಿದ್ದವು. ಈಗ ಆ ಮೂರು ದಿನಗಳು ಕಾಣುತ್ತವೆ.

ಮಧ್ಯಾಹ್ನದ ಊಟದ ನಂತರ ಅಪ್ಪಯ್ಯ ಒಂದು ಆಸೆ ಹೇಳಿದರು. ಬಸ್ಸಿನಲ್ಲಿ ಐದಾರು ಸಲ ಸೇತುವೆ ದಾಟಿದ್ದಾರೆ, ಆದರೆ ನಡೆದಿಲ್ಲ. ಭಾವನ ಜೀಪಿನಲ್ಲಿ ಕಳಸವಳ್ಳಿಯವರೆಗೆ ಹೋಗಿ ಅಲ್ಲಿಂದ ಮೂವರೂ ನಡೆದೆವು. ನಡುವೆ ಎತ್ತರದ ಕಂಬಗಳಿಂದ ಇಳಿಬಿಟ್ಟ ಕೇಬಲ್‌ಗಳು. ಅಪ್ಪಯ್ಯ ಅವನ್ನು ನೋಡಲಿಲ್ಲ, ಕಟಕಟೆ ಹಿಡಿದು ನೀರನ್ನೇ ನೋಡಿದರು. ನೀರು ಏರಿದಾಗ ಅವರಿಗೆ ಏಳೆಂಟು ವರ್ಷ. "ಅಗೋ, ಆ ಎರಡು ದಿಬ್ಬಗಳ ನಡುವೆ ನಮ್ಮ ಗದ್ದೆ ಇತ್ತು. ಅದರಾಚೆ ಮನೆ. ಕೊಟ್ಟಿಗೆಯ ಹಿಂದೆ ಹಲಸಿನ ಮರ" ಎಂದು ಮೊಮ್ಮಗಳಿಗೆ ತೋರಿಸಿದರು. ಅವಳಿಗೆ ಕಂಡಿದ್ದು ನೀರು ಮಾತ್ರ. ನನ್ನ ಅಜ್ಜ ಆ ಮನೆ ಬಿಡುವ ದಿನ ಬಾಗಿಲುಗಳನ್ನು ಕಳಚಿ ಎತ್ತಿನ ಗಾಡಿಗೆ ಹೇರಿದರಂತೆ. ನಮ್ಮ ಈಗಿನ ಮನೆಯ ತಲೆಬಾಗಿಲು ಅದೇ. ಶರಾವತಿಯ ವಿದ್ಯುತ್ತು ಬೆಂಗಳೂರನ್ನು ಬೆಳಗಿದ ಮೇಲೂ ವರ್ಷಾನುಗಟ್ಟಲೆ ಆ ಬಾಗಿಲಿನ ಬಳಿ ಉರಿದದ್ದು ಸೀಮೆಎಣ್ಣೆಯ ಬುಡ್ಡಿ. ಅದನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಅಪ್ಪಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಹೇಳುವವನ ಖಚಿತತೆ ಇತ್ತು.

ಆಗ ಕೇಳಿದೆ, "ಅಪ್ಪಯ್ಯ, ಆ ವರ್ಷ ನನ್ನ ಮೊಬೈಲಿನ ಬೆಳಕು ಕಾಣಿಸಿತ್ತೇ?"

ಯಾವ ವರ್ಷವೆಂದು ಅವರು ಕೇಳಲಿಲ್ಲ. "ಇಲ್ಲ. ಅಷ್ಟು ದೂರ ಎಲ್ಲಿ ಕಾಣುತ್ತದೆ? ಲಾಂಚಿನವರು ನೀನು ಬಂದಿಲ್ಲ ಎಂದರು. ತಡವಾಗಿ ಬಂದಿದ್ದರೆ ನಿನಗೆ ನಾವಿದ್ದೇವೆ ಎಂದು ಗೊತ್ತಾಗಲಿ ಎಂದು ಸೂಡಿ ಹಚ್ಚಿದೆ. ಬರದೇ ಇದ್ದಿದ್ದರೂ ಹಚ್ಚುತ್ತಿದ್ದೆ."

ಹನ್ನೆರಡು ವರ್ಷ ನಾನು ನನ್ನ ಕೈಯ ಸಣ್ಣ ಬೆಳಕು ಅವರಿಗೆ ಕಂಡಿತು ಎಂದು ನಂಬಿ ಸಮಾಧಾನ ಪಟ್ಟುಕೊಂಡಿದ್ದೆ. ಮಗಳು ಇಬ್ಬರ ಮುಖವನ್ನೂ ನೋಡಿ ಅಜ್ಜನ ಕೈ ಹಿಡಿದುಕೊಂಡಳು. ಗಾಳಿ ಜೋರಾಗಿತ್ತು. ಹೊಳೆಬಾಗಿಲಿನ ತುದಿಯವರೆಗೂ ನಡೆದು, ಆ ಚಹಾ ಅಂಗಡಿಯ ಜಾಗವನ್ನು ಅವರಿಗೆ ತೋರಿಸಿದೆ.

ಮಂಗಳವಾರ, ಅಕ್ಟೋಬರ್ 21

ಕೆಲಸದ ದಿನ. ನಮ್ಮ ಮನೆಯಲ್ಲಿ ಮೊಬೈಲ್ ಸಂಪರ್ಕ ಅಟ್ಟದ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ, ಅದೂ ಮಳೆ ಇಲ್ಲದಾಗ. ಬ್ಯಾಕೋಡಿನಲ್ಲಿ ಭಾವನ ಅಂಗಡಿಗೆ ಫೈಬರ್ ಸಂಪರ್ಕವಿದೆ. ಒಂಬತ್ತಕ್ಕೆ ಅಲ್ಲಿ ಗೊಬ್ಬರದ ಚೀಲಗಳ ಹಿಂದೆ ಮೇಜು ಹಾಕಿಕೊಂಡು ಕುಳಿತೆ. ಅಂದೇ ಅಂಗಡಿ ಪೂಜೆ. ಅಕ್ಕ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ ಹೂ ಮುಡಿಸುತ್ತಿದ್ದಳು. ಒಂದು ಕರೆ ಮುಗಿಸಿ ಎದ್ದು ಮಂಗಳಾರತಿ ತೆಗೆದುಕೊಂಡೆ, ಮುಂದಿನ ಕರೆಗೆ ಹಣೆಯ ಕುಂಕುಮದೊಂದಿಗೇ ಕುಳಿತೆ. ತೆರೆಯ ಆಚೆಯಿದ್ದವರೊಬ್ಬರು ನಿಮ್ಮಲ್ಲಿ ಇಂದು ಏನು ವಿಶೇಷ ಎಂದು ಕೇಳಿದರು. ಹೇಳಿದೆ. ಗಂಟೆಯ ಸದ್ದು ಬರುತ್ತಿದೆ, ಧ್ವನಿ ಮುಚ್ಚಬೇಡಿ ಎಂದರು.

ಕೆಲಸವನ್ನು ನಾನು ದೂರುವುದಿಲ್ಲ. ಅಪ್ಪಯ್ಯನ ಕಣ್ಣಿನ ಶಸ್ತ್ರಚಿಕಿತ್ಸೆ, ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಫಸಲು ಕುಸಿದ ವರ್ಷದ ಖರ್ಚು, ಎಲ್ಲವೂ ಆ ಸಂಬಳದಿಂದಲೇ ನಡೆದದ್ದು. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಬರಲಾಗದ ಹಬ್ಬಗಳಿಗೆಲ್ಲ ನಾನು ಲಾಂಚನ್ನು ಹೊಣೆ ಮಾಡುತ್ತಿದ್ದೆ. "ಲಾಂಚ್ ಸಿಗುವುದಿಲ್ಲ ಅಮ್ಮ" ಎಂದರೆ ಅವಳೂ ಒಪ್ಪುತ್ತಿದ್ದಳು, ನೀರಿನೊಡನೆ ಜಗಳವಾಡುವುದು ಅವಳಿಗೆ ಗೊತ್ತಿರಲಿಲ್ಲ. ಸೇತುವೆ ಆ ನೆಪವನ್ನು ತೆಗೆದುಹಾಕಿದೆ. ಇನ್ನು ಮುಂದೆ ಬರದಿದ್ದರೆ ಬರಲಿಲ್ಲ ಎಂದೇ ಹೇಳಬೇಕು. ಇದನ್ನು ಗೊಬ್ಬರದ ಚೀಲಗಳ ನಡುವೆ ಕುಳಿತು ಯೋಚಿಸಿದಾಗ ಸ್ವಲ್ಪ ಭಯವಾಯಿತು.

ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿದೆ. ರಾತ್ರಿ ಹನ್ನೊಂದರ ಮೇಲೆ ಅಂಟಿಕೆ–ಪಂಟಿಕೆಯವರು ಬಂದರು. ಊರ ದೇವರ ಮುಂದೆ ಹಚ್ಚಿದ ದೀಪವನ್ನು ಆರಗೊಡದೆ, ಹಾಡುತ್ತಾ ಮನೆಯಿಂದ ಮನೆಗೆ ಒಯ್ಯುತ್ತಾರೆ. ಬಾಗಿಲು ತೆರೆಯಿಸುವ ಹಾಡು ಕೇಳಿದ ಮೇಲೆಯೇ ನಾವು ಬಾಗಿಲು ತೆಗೆಯುವುದು. ಇಬ್ಬರು ಎತ್ತಿ ಹಾಡಿದರೆ ಉಳಿದವರು ಹಿಂದೆ ಹಾಡುತ್ತಾರೆ. ಅಮ್ಮ ಅವರ ದೀಪಕ್ಕೆ ಎಣ್ಣೆ ಹೊಯ್ದು, ನಮ್ಮ ದೀಪವನ್ನು ಅದರಿಂದ ಹಚ್ಚಿಕೊಂಡಳು. ಮೊದಲೆಲ್ಲ ಹನ್ನೆರಡು ಜನ ಬರುತ್ತಿದ್ದರು, ಈ ಸಲ ಏಳು. ಅವರಲ್ಲಿ ಮೂವರು ಬೆಂಗಳೂರು, ಶಿವಮೊಗ್ಗದಿಂದ ಹಬ್ಬಕ್ಕೆಂದೇ ಬಂದವರು. ಒಬ್ಬ ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದಿದವನು. ಅವನ ಧ್ವನಿ ಅವನ ತಂದೆಯದೇ. ಮಗಳು ಜಗುಲಿಯಲ್ಲಿ ಕಂಬಳಿ ಹೊದ್ದು ಕಣ್ಣರಳಿಸಿ ಕೂತಿದ್ದಳು. ಗಾಳಿ ಬಂದಾಗಲೆಲ್ಲ ದೀಪಕ್ಕೆ ತನ್ನ ಎರಡೂ ಅಂಗೈ ಮರೆ ಮಾಡಿದಳು.

ಬುಧವಾರ, ಅಕ್ಟೋಬರ್ 22

ದೊಡ್ಡಹಬ್ಬ. ಇಂದಿನ ಒಡೆಯರು ದನಗಳು. ಬೆಳಿಗ್ಗೆಯೇ ಮೈ ತೊಳೆದು, ಕೆಮ್ಮಣ್ಣು ಮತ್ತು ಶೇಡಿಯಲ್ಲಿ ಲೋಟದ ಬಾಯಿ ಅದ್ದಿ ಮೈತುಂಬ ಚಕ್ರಗಳನ್ನು ಒತ್ತಿದೆವು. ಹಣ್ಣಡಿಕೆ, ಸಿಂಗಾರ, ಪಚ್ಚೆತೆನೆ, ಚೆಂಡುಹೂವು ಸೇರಿಸಿ ಕಟ್ಟಿದ ದಂಡೆ ಕೊರಳಿಗೆ. ಕೊಟ್ಟಿಗೆಯಲ್ಲಿ ಹಿಂದೆ ಹದಿನಾರು ದನಗಳಿದ್ದವು, ಈಗ ಮೂರು. ಮೇಯಿಸುವವರಿಲ್ಲ, ಅಪ್ಪಯ್ಯನ ಬೆನ್ನು ಬಗ್ಗುವುದಿಲ್ಲ. ಕರುವೊಂದು ಮಗಳ ಕೈಯ ಕಡುಬನ್ನು ತಿಂದು ಅವಳ ಲಂಗದ ಅಂಚನ್ನೂ ನೆಕ್ಕಿತು. ಪೂಜೆಯಾಗಿ ಬಿಟ್ಟ ಕೂಡಲೇ ಹುಡುಗರು ಗಂಟೆ, ಜಾಗಟೆ ಬಡಿದು ದನ ಬೆದರಿಸಿದರು. ಅಂಗಳವೆಲ್ಲ ಧೂಳು, ಕೂಗು, ನಗು.

ಕೊಟ್ಟೆಕಡುಬು, ಹೋಳಿಗೆ, ಮೊಗೆಕಾಯಿ ಪಲ್ಯ. ಬಾಳೆಲೆಗಳ ಸಾಲಿನಲ್ಲಿ ಅಮ್ಮ ಒಂದು ಎಲೆಯನ್ನು ಹೆಚ್ಚಿಗೆ ಹಾಕಿದ್ದಳು. ಯಾರಿಗೆಂದು ಯಾರೂ ಕೇಳಲಿಲ್ಲ. ಎಲ್ಲರ ಊಟವಾದ ಮೇಲೆ ಆ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಡಬ್ಬಿಗಳಿಗೆ ತುಂಬಿದಳು.

ಕೆಲಸಕ್ಕೆ ಸೇರಿದಂದಿನಿಂದ ಈ ದಿನದ ಮಧ್ಯಾಹ್ನವೇ ನಾನು ಹೊರಡುತ್ತಿದ್ದೆ. ಕೊನೆಯ ಲಾಂಚ್ ಹಿಡಿಯಬೇಕಿದ್ದರೆ ಐದು ಗಂಟೆಗೇ ಕಳಸವಳ್ಳಿಯಲ್ಲಿರಬೇಕು. ಆದ್ದರಿಂದ ಪಾಡ್ಯದ ಸಂಜೆಯ ದೀಪಗಳನ್ನು ಹದಿನಾಲ್ಕು ವರ್ಷಗಳಿಂದ ನಾನು ನೋಡಿಯೇ ಇರಲಿಲ್ಲ. ಹೊರಡುವ ಹೊತ್ತು ಬಂತು. ಅಮ್ಮ ಅಭ್ಯಾಸಬಲದಿಂದ ನನ್ನ ಚೀಲವನ್ನು ಜಗುಲಿಗೆ ತಂದಿಟ್ಟಳು. ನಾನು ಅದನ್ನು ಒಳಗಿಟ್ಟು ಬಂದೆ.

ಕತ್ತಲಾಗುತ್ತಿದ್ದಂತೆ ತುಳಸಿಕಟ್ಟೆ, ಬಾವಿಕಟ್ಟೆ, ಕೊಟ್ಟಿಗೆಯ ಬಾಗಿಲು, ಗೊಬ್ಬರಗುಂಡಿ, ತೋಟದ ದಣಪೆ, ಎಲ್ಲ ಕಡೆ ದೀಪವಿಟ್ಟೆವು. ದುಡಿಯುವ, ತಿರುಗಾಡುವ ಒಂದು ಜಾಗವನ್ನೂ ಬಿಡಬಾರದು. ಕೋಲಿನ ತುದಿಗೆ ಬಟ್ಟೆ ಸುತ್ತಿ ಎಣ್ಣೆಯಲ್ಲಿ ಅದ್ದಿದ ದೊಂದಿ ಹಿಡಿದು ಗದ್ದೆಯ ಅಂಚಿಗೆ ಹೋದೆವು. ಅಪ್ಪಯ್ಯ ಮೊದಲು ಕೂಗಿದರು. ಆಮೇಲೆ ನಾನು, ಮಗಳು. "ದೀಪ್ ದೀಪೋಳ್ಗೆ!" ಪಕ್ಕದ ಕೋವಿನಿಂದ ಅದೇ ಕೂಗು ಮರಳಿ ಬಂತು, ಅದರಾಚೆಯಿಂದ ಮತ್ತೊಂದು. ಎಲ್ಲೆಲ್ಲಿ ಬೆಳಕಿದೆ, ಯಾರ ಮನೆಗೆ ಯಾರು ಬಂದಿದ್ದಾರೆ ಎಂದು ಅಪ್ಪಯ್ಯ ಕೂಗಿನಿಂದಲೇ ಗುರುತಿಸುತ್ತಿದ್ದರು. ಕೆಳಗಿನ ಒಂದು ಮನೆಯಿಂದ ಕೂಗು ಬರಲಿಲ್ಲ. "ಅವರ ಮಕ್ಕಳು ಈ ಸಲವೂ ಬಂದಿಲ್ಲ" ಎಂದವರೇ ಆ ಕಡೆಗೆ ತಿರುಗಿ ಅವರ ಪರವಾಗಿ ಒಮ್ಮೆ ಕೂಗಿದರು.

ಏಳೂವರೆಗೆ ಬಲೀಂದ್ರನನ್ನು ಕಳುಹಿಸಿಕೊಟ್ಟು ನಾವೂ ಹೊರಟೆವು. ಅಮ್ಮ ಅಳಲಿಲ್ಲ. ಮಗಳ ಕೈಗೆ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಕೊಟ್ಟು ಕಿವಿಯಲ್ಲಿ ಗುಟ್ಟು ಹೇಳಿದಳು. ಜೀಪು ಸೇತುವೆ ಏರಿದಾಗ ಮಗಳಿಗೆ ನಿದ್ದೆ. ಎಡಕ್ಕೂ ಬಲಕ್ಕೂ ಕಪ್ಪು ನೀರು, ಹಿಂದೆ ದಿಬ್ಬಗಳ ಮೇಲೆ ಅಲ್ಲೊಂದು ಇಲ್ಲೊಂದು ದೀಪ. ಭಾವನಿಗೆ ನಿಧಾನ ಓಡಿಸಲು ಹೇಳಿದೆ. ಸಾಗರದಿಂದ ಹತ್ತು ಗಂಟೆಯ ಬಸ್ಸಿಗೆ ಬೇಕಾದಷ್ಟು ಹೊತ್ತಿತ್ತು.

ಗುರುವಾರ, ಅಕ್ಟೋಬರ್ 23

ಬೆಂಗಳೂರಿನ ಮನೆಗೆ ನಾವು ಬಂದ ಅರ್ಧ ಗಂಟೆಗೆ ಹೆಂಡತಿಯೂ ಪಾಳಿ ಮುಗಿಸಿ ಬಂದಳು. ಕಣ್ಣು ಕೆಂಪಾಗಿದ್ದವು. ಚಪ್ಪಲಿ ಬಿಡುವ ಮೊದಲೇ ಮಗಳು ಅವಳ ಕೈ ಹಿಡಿದು ಎಳೆದು ಅಡುಗೆಮನೆಯ ಮಣೆಯ ಮೇಲೆ ಕೂರಿಸಿದಳು. ಬಟ್ಟೆಯ ಗಂಟು ಬಿಚ್ಚಿದಳು. ಒಂದು ಸಣ್ಣ ಶೀಶೆಯಲ್ಲಿ ಎಣ್ಣೆ, ಇನ್ನೊಂದರಲ್ಲಿ ಬಾವಿಯ ನೀರು, ಬಾಡಿದ ನಾಲ್ಕು ಗರಿಕೆ.

ಕಚೇರಿಗೆ ಹೊರಡಲು ನನಗೆ ಇನ್ನೂ ಎರಡು ಗಂಟೆ ಇತ್ತು. ಒಲೆಯ ಮೇಲೆ ನೀರು ಕಾಯಲು ಇಟ್ಟು, ಶೀಶೆಯ ನೀರನ್ನು ಅದಕ್ಕೆ ಸುರಿದೆ. ಹಿಂದೆ ಮಗಳು ನೆತ್ತಿಯಿಂದ ಶುರುಮಾಡಿದ್ದಳು. ಭುಜದ ನಂತರ ಮಂಡಿಯೋ ಪಾದವೋ ಎಂದು ಒಂದು ಕ್ಷಣ ತಡವರಿಸಿ, ನನ್ನನ್ನು ಕೇಳದೆ ತಾನೇ ನೆನಪು ಮಾಡಿಕೊಂಡು ಮಂಡಿಗೆ ಗರಿಕೆ ಮುಟ್ಟಿಸಿದಳು.